ವಜ್ರ ಸದಸ್ಯನ ಮನೆಯ ಬಟ್ಟೆ

ನಮ್ಮಪ್ಪ ಮೊದಲು ಬೆಳ್ಳಿಯಾದ, ಆಮೇಲೆ ಚಿನ್ನವಾದ, ಕೊನೆಗೆ ವಜ್ರವಾದ. ಅವನು ವಜ್ರವಾಗುವ ಹೊತ್ತಿಗೆ ಅಮ್ಮನ ಎರಡೂ ಅಂಗೈಗಳ ಚರ್ಮ ಸುಲಿದು, ಬೆರಳ ಸಂದಿಗಳಲ್ಲಿ ರಕ್ತ ಜಿನುಗುತ್ತಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಸಂಬಂಧವನ್ನೇ ಹೇಳಲು ಕೂತಿದ್ದೇನೆ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ಬೇಕರಿಯೊಂದರ ಹಿಟ್ಟಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಳು. ನಾದಿದ ಹಿಟ್ಟನ್ನು ಕತ್ತರಿಸಿ ಉಂಡೆ ಮಾಡಿ ತಟ್ಟೆಯಲ್ಲಿ ಜೋಡಿಸುವ ಕೆಲಸ. ತಕ್ಕಡಿಯ ಹಂಗಿಲ್ಲದೆ, ಕೈಯಳತೆಯಲ್ಲೇ, ಒಂದೇ ತೂಕದ ನೂರು ಉಂಡೆ ಮಾಡುತ್ತಿದ್ದಳು. ಹೊಸಬರು ಬಂದರೆ ಅವಳ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಅಜ್ಜ ಅಪ್ಪನ ಅಪ್ಪ, ಬೀಗ ರಿಪೇರಿ ಮಾಡಿಕೊಂಡಿದ್ದವನು. ಎರಡು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆ ಹಿಡಿದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಡೈಪರ್ ಹಾಕಿದರೆ ಮೈ ಹುಣ್ಣಾಗುತ್ತದೆ, ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ದಿನಕ್ಕೆ ಮೂರು ಚಾದರ, ಮೂರು ಹೊದಿಕೆ. ಅದರ ಮೇಲೆ ಅಪ್ಪನ ಗ್ರೀಸು ಮೆತ್ತಿದ ಬಟ್ಟೆ. ಎಲ್ಲವನ್ನೂ ಬಚ್ಚಲಲ್ಲಿ ಕೂತು ಕೈಯಲ್ಲಿ ಒಗೆಯುವವಳು ಅಮ್ಮ. ನಾನು ಪಾಲಿಟೆಕ್ನಿಕ್‌ನಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಓದು ಎಂಬ ನೆಪ ನನಗಿತ್ತು.

ಹಿಂದಿನ ವರ್ಷ ಅಮ್ಮನಿಗೆ ಬೋನಸ್ ಬಂದಾಗ ಬಟ್ಟೆ ಒಗೆಯುವ ಮಿಶಿನ್ ತರುವುದೆಂದು ತೀರ್ಮಾನವಾಗಿತ್ತು. ಅಮ್ಮ ದೊಡ್ಡ ರಸ್ತೆಯ ಅಂಗಡಿಗೆ ಹೋಗಿ, ಒಂದನ್ನು ಮುಟ್ಟಿ ನೋಡಿ, ಮುಚ್ಚಳ ತೆಗೆದು ಹಾಕಿ, ಬಚ್ಚಲಿನ ಮೂಲೆಗೆ ಹಿಡಿಸುತ್ತದೆಯೇ ಎಂದು ದಾರದಲ್ಲಿ ಅಳೆದು ಬಂದಿದ್ದಳು. ಆ ಸಂಜೆ ಅಪ್ಪ ಫೋನ್ ಹಿಡಿದು ಕೂತ.

"ಇಲ್ನೋಡು, ಐವತ್ತು ಸಾವಿರ ನಾಣ್ಯ ಆದ್ರೆ ಇಂಥದ್ದೇ ಮಿಶಿನ್ನು ಪುಕ್ಕಟೆ ಕೊಡ್ತಾರಂತೆ."

"ಯಾವ ನಾಣ್ಯ?"

"ಆ್ಯಪಿಂದು ಕಣೇ. ಏನೇ ತರಿಸಿದ್ರೂ ಇಷ್ಟಿಷ್ಟು ಅಂತ ಬೀಳುತ್ತೆ. ಹೇಗಿದ್ರೂ ಎಣ್ಣೆ, ಸಕ್ಕರೆ, ಸೋಪು ತಗೊಳ್ಳೇಬೇಕಲ್ಲ? ಎದುರಿನ ಅಂಗಡಿಯವಳು ಏನು ಕೊಡ್ತಾಳೆ? ಒಂದು ನಗು ಕೊಡ್ತಾಳೆ, ಅಷ್ಟೇ."

"ಬಟ್ಟೆ ಇವತ್ತೇ ಒಗೀಬೇಕಲ್ರೀ."

"ಆರು ತಿಂಗಳು ತಡ್ಕೋ. ಆರೇ ತಿಂಗಳು. ಪುಕ್ಕಟೆ ಸಿಗೋದಕ್ಕೆ ದುಡ್ಡು ಕೊಡೋರು ದಡ್ಡರು."

ಆ ಆ್ಯಪನ್ನು ಅಪ್ಪನ ಫೋನಿಗೆ ಹಾಕಿಕೊಟ್ಟವಳು ನಾನೇ. ಅದನ್ನೂ ಹೇಳಿಬಿಡುತ್ತೇನೆ.

ನಾಣ್ಯ ಬೇಗ ಸೇರಲಿ ಎಂದು ಅಪ್ಪ ಮೊದಲು ಮಾಡಿದ ಕೆಲಸವೆಂದರೆ ಅಮ್ಮನ ಬೋನಸ್ಸಿನಲ್ಲಿ ದೊಡ್ಡ ಟಿವಿ ತರಿಸಿದ್ದು. ಒಂದೇ ಏಟಿಗೆ ಆರು ಸಾವಿರ ನಾಣ್ಯ. ಮಿಶಿನ್ನಿಗೆಂದು ಇಟ್ಟ ದುಡ್ಡಿನಲ್ಲಿ, ಮಿಶಿನ್ನು ಪುಕ್ಕಟೆ ಸಿಗಲಿ ಎಂದು, ಟಿವಿ ಕೊಂಡ ಮಹಾನುಭಾವ ಈ ಭೂಮಿಯ ಮೇಲೆ ನಮ್ಮಪ್ಪ ಒಬ್ಬನೇ ಎಂದುಕೊಂಡಿದ್ದೆ. ಅಲ್ಲವಂತೆ. ಮನೆಗೊಬ್ಬರು ಇದ್ದಾರಂತೆ. ಆ ಕಂಪನಿಗಳು ಉಸಿರಾಡುವುದೇ ಅಂಥವರಿಂದ.

ಆರು ತಿಂಗಳು ಹೋಗಿ ಹದಿನಾಲ್ಕಾಯಿತು. ಯಾಕೆಂದರೆ ನಾಣ್ಯಕ್ಕೂ ಆಯಸ್ಸಿತ್ತು. ಮೂರು ತಿಂಗಳಲ್ಲಿ ಇಂತಿಷ್ಟು ಕೊಳ್ಳದಿದ್ದರೆ ಹಳೆಯ ನಾಣ್ಯ ಅಳಿಸಿಹೋಗುತ್ತಿತ್ತು. ಗಡುವು ಹತ್ತಿರ ಬಂದಾಗಲೆಲ್ಲ ಅಪ್ಪ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿ, "ಏನಾದ್ರೂ ಬೇಕಾ? ಯಾರಿಗಾದ್ರೂ ಏನಾದ್ರೂ ಬೇಕಾ?" ಎನ್ನುತ್ತಿದ್ದ. ಯಾರಿಗೂ ಏನೂ ಬೇಡದಿದ್ದರೂ ಏನೋ ಬರುತ್ತಿತ್ತು. ಉಗುರು ಕತ್ತರಿ ಐದು. ಬಿಸಿನೀರಿನ ಚೀಲ ಮೂರು. ಮೊಟ್ಟೆ ಬೇಯಿಸಲೆಂದೇ ಒಂದು ಯಂತ್ರ. ನಮಗೆ ಕಾರಿಲ್ಲ, ಕಾರು ಒರೆಸುವ ಬಟ್ಟೆ ಎರಡು ಡಜನ್ ಇತ್ತು. ಡಬ್ಬಗಳೆಲ್ಲ ಅಜ್ಜನ ಮಂಚದ ಕೆಳಗೆ ಸೇರುತ್ತಿದ್ದವು.

"ನನ್ನ ಕೆಳಗೆ ಗೋದಾಮು ಮಾಡ್ಕೊಂಡಿದ್ದಾನೆ ಮಗರಾಯ," ಎನ್ನುತ್ತಿದ್ದ ಅಜ್ಜ. "ಬಾಡಿಗೆ ಕೇಳಿದ್ರೆ ನಾಣ್ಯ ಕೊಡ್ತೀನಿ ಅಂತಾನೆ."

ಇದೂ ಸಾಲದೆ ಅಪ್ಪ ಡಿಪೋದವರನ್ನೆಲ್ಲ ಸೇರಿಸಿಕೊಂಡ. ಯಾರಿಗೆ ಬೂಟು ಬೇಕೋ, ಫೋನಿನ ಕವರು ಬೇಕೋ, ಅವರು ಅಪ್ಪನ ಕೈಗೆ ದುಡ್ಡು ಕೊಡುವುದು, ಅಪ್ಪ ತನ್ನ ಖಾತೆಯಿಂದ ತರಿಸಿಕೊಡುವುದು. ವಸ್ತು ಅವರಿಗೆ, ನಾಣ್ಯ ಇವನಿಗೆ. ಒಂದು ತಿಂಗಳು ಹನ್ನೆರಡು ಜೊತೆ ಬೂಟು ಡಿಪೋದ ಗೇಟಿಗೆ ಬಂದವು. ಆ ತಿಂಗಳೇ ಅವನು ಆ್ಯಪಿನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯ ವಜ್ರ ಸದಸ್ಯನಾದದ್ದು. ಡಿಪೋದಲ್ಲಿ ಎಲ್ಲರೂ ಅವನನ್ನು ವಜ್ರಣ್ಣ ಎಂದು ಕರೆಯತೊಡಗಿದರು. ಹೆಂಡತಿಯ ಕೈ ಹಿಡಿದು ನೋಡಲು ಪುರುಸೊತ್ತಿಲ್ಲದವನು ಆ ಹೆಸರಿಗೆ ಉಬ್ಬಿಹೋದ.

ಬೇಕರಿಯಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಹಿಟ್ಟಿನ ಕೋಣೆಗೆ ಹೋಗುವವರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ಎರಡೂ ಕೈ ಚಾಚಬೇಕು. ಮೇಲ್ವಿಚಾರಕಿ ಅಂಗೈ, ಮುಂಗೈ, ಉಗುರು ಎಲ್ಲವನ್ನೂ ನೋಡಿ ಒಳಗೆ ಬಿಡಬೇಕು. ಹನ್ನೊಂದು ವರ್ಷ ಅಮ್ಮ ಆ ಬಾಗಿಲನ್ನು ಸರಾಗವಾಗಿ ದಾಟಿದ್ದಳು. ಒಂದು ಸೋಮವಾರ ದಾಟಲಾಗಲಿಲ್ಲ. ಮಧ್ಯಾಹ್ನವೇ ಮನೆಗೆ ಬಂದವಳು ಅಡುಗೆಮನೆಯಲ್ಲಿ ನಿಂತು, ಯಾರನ್ನೂ ನೋಡದೆ ಹೇಳಿದಳು.

"ಮೂರು ವಾರ ಟೈಮ್ ಕೊಟ್ಟಿದ್ದಾರೆ. ಅಷ್ಟರೊಳಗೆ ಕೈ ವಾಸಿ ಆಗ್ಬೇಕಂತೆ. ರಕ್ತ ಬರೋ ಕೈಲಿ ಹಿಟ್ಟು ಮುಟ್ಟೋ ಹಾಗಿಲ್ಲ."

"ಡಾಕ್ಟ್ರು ಏನಂದ್ರು?" ಎಂದೆ.

"ಸೋಪಿನ ನೀರಲ್ಲಿ ಕೈ ಇಡಬೇಡಿ ಅಂದ್ರು. ಮುಲಾಮು ಬರ್ಕೊಟ್ರು."

ಸಂಜೆ ಅಪ್ಪ ಬಂದು ಕೇಳಿಸಿಕೊಂಡ. ಅವನ ಮುಖ ಒಂದು ಕ್ಷಣ ಬಾಡಿತು, ಮರುಕ್ಷಣವೇ ಅರಳಿತು. "ಮೂರು ವಾರಾನಾ? ನಲವತ್ತೆಂಟು ಸಾವಿರ ಆಗಿದೆ. ಇನ್ನೆರಡು ಸಾವಿರ. ಎರಡು ವಾರದಲ್ಲಿ ಮುಗಿಸ್ತೀನಿ ನೋಡು! ಸರಿಯಾದ ಟೈಮಿಗೆ ಬರ್ತಿದೆ."

"ರೀ, ಹೋಗಿ ಒಂದು ಹಳೇ ಮಿಶಿನ್ನಾದ್ರೂ ತನ್ನಿ."

"ಹದಿನಾಲ್ಕು ತಿಂಗಳು ಕಾದು ಕೊನೇ ಎರಡು ವಾರಕ್ಕೆ ಕೈಬಿಡೋದಾ? ನಿನಗೆ ತಲೆ ಇದೆಯಾ?"

"ಕಾದಿದ್ದು ಯಾರು?" ಎಂದಳು ಅಮ್ಮ. ಅಪ್ಪನಿಗೆ ಕೇಳಿಸಲಿಲ್ಲ. ಅವನು ಆಗಲೇ ರಬ್ಬರ್ ಕೈಗವಸು ಹುಡುಕುತ್ತಿದ್ದ. ಹನ್ನೆರಡು ಜೊತೆಯ ಕಟ್ಟು ಕೊಂಡರೆ ನಾಣ್ಯ ದುಪ್ಪಟ್ಟು.

ಕೈಗವಸು ಬಂತು. ಒಳಗೆ ಬೆವರು ಕೂತು ಹುಣ್ಣು ಇನ್ನಷ್ಟು ಕೆರಳಿತು. ನಾಲ್ಕನೆಯ ದಿನ ಅಮ್ಮ ಅದನ್ನು ತೆಗೆದೆಸೆದು ಬರಿಗೈಯಲ್ಲೇ ಒಗೆದಳು. ಆ ವಾರ ನನಗೆ ಪರೀಕ್ಷೆ. ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಬಚ್ಚಲಿನಿಂದ ಬಟ್ಟೆ ಕುಕ್ಕುವ ಸದ್ದು ಬರುತ್ತಿತ್ತು, ನಡುವೆ ಅಮ್ಮ ಹಲ್ಲು ಕಚ್ಚಿ ಉಸಿರೆಳೆಯುವ ಸದ್ದೂ ಬರುತ್ತಿತ್ತು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅದೂ ನಾಣ್ಯಕ್ಕೆಂದು ತರಿಸಿದ್ದೇ.

ಎರಡನೆಯ ವಾರ ಚಾದರಗಳು ಕಡಿಮೆಯಾದವು. ದಿನಕ್ಕೆ ಮೂರು ಇದ್ದದ್ದು ಎರಡಾಯಿತು, ಒಂದಾಯಿತು. ಅಪ್ಪ ಖುಷಿಪಟ್ಟ. "ಅಪ್ಪ ಸುಧಾರಿಸ್ತಿದ್ದಾರೆ," ಎಂದ. ಅಮ್ಮನಿಗೆ ಅನುಮಾನ ಬಂತು. ಅಜ್ಜನ ತುಟಿ ಒಣಗಿ ಸಿಪ್ಪೆಯೆದ್ದಿತ್ತು, ಮಾತು ತೊದಲುತ್ತಿತ್ತು. ಮಂಚದ ಪಕ್ಕದ ಡಬ್ಬಗಳನ್ನು ಸರಿಸಿ ನೋಡಿದರೆ ಬಿಸಿನೀರಿನ ಚೀಲಗಳೆರಡು ತುಂಬಿ ಬಿಗಿದುಕೊಂಡಿದ್ದವು. ಕುಡಿಯಲು ಕೊಟ್ಟ ನೀರನ್ನು ಅಜ್ಜ ಕೈಗೆಟುಕಿದ ಚೀಲಕ್ಕೆ ಸುರಿದು ಸುರಿದು ಮುಚ್ಚಿಟ್ಟಿದ್ದ.

"ಏನ್ ಮಾವ ಇದು?" ಎಂದಳು ಅಮ್ಮ.

"ಬಾಯಾರಿಕೆ ಆಗ್ತಿಲ್ಲಮ್ಮ."

"ಸುಳ್ಳು ಹೇಳ್ಬೇಡಿ."

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ. "ಕುಡಿದ್ರೆ ಚಾದರ ಒದ್ದೆ ಆಗುತ್ತೆ. ನಿನ್ನ ಕೈ ನೋಡಿದ್ರೆ ನೀರು ಗಂಟ್ಲಲ್ಲಿ ಇಳಿಯಲ್ಲ ತಾಯಿ."

ಅಮ್ಮ ಅವನ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಒಂದು ಇಡೀ ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಆ ಸಂಜೆ ಅಪ್ಪನಿಗೆ ನಾನು ಎಲ್ಲವನ್ನೂ ಹೇಳಿದೆ. ಅವನು ತಲೆ ತಗ್ಗಿಸಿದ, ಕಣ್ಣೊರೆಸಿಕೊಂಡ. "ಇನ್ನು ಆರು ನೂರೇ ನಾಣ್ಯ ಕಣಮ್ಮ," ಎಂದ. ನನ್ನ ಕೈಯಲ್ಲಿ ತಟ್ಟೆಯಿತ್ತು. ಎಸೆಯಬೇಕು ಅನ್ನಿಸಿತು, ಎಸೆಯಲಿಲ್ಲ. ಎಸೆಯಬೇಕಿತ್ತು.

ಮರುವಾರದ ಬುಧವಾರ ಸಂಜೆ ಐವತ್ತು ಸಾವಿರವಾಯಿತು. ಅಪ್ಪ ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡು ಊಟದ ಮೇಜಿಗೆ ಬಂದ. ಆ ಅಂಗಿ ಒಗೆದವರು ಯಾರು ಎಂದು ಹೇಳಬೇಕಾಗಿಲ್ಲ. ಅಜ್ಜನಿಗೂ ಕಾಣಲೆಂದು ನಡುಕೋಣೆಯ ಬಾಗಿಲು ತೆರೆದಿಟ್ಟ.

"ಬಾ, ನೀನೇ ಒತ್ತು," ಎಂದು ಅಮ್ಮನ ಮುಂದೆ ಫೋನ್ ಹಿಡಿದ.

ಅಮ್ಮನ ಬೆರಳಿಗೆ ಪಟ್ಟಿ ಸುತ್ತಿತ್ತು. ಒತ್ತಿದರೆ ಫೋನಿಗೆ ಗೊತ್ತಾಗಲಿಲ್ಲ. ಮೂರು ಸಲ ಒತ್ತಿದಳು. "ಇರಲಿ ಬಿಡು," ಎಂದು ಅಪ್ಪನೇ ಒತ್ತಿದ.

ಪರದೆಯ ಮೇಲೆ ಬಣ್ಣದ ಕಾಗದಚೂರುಗಳು ಉದುರಿದವು. ಅದರ ಕೆಳಗೆ ಒಂದು ಸಾಲು. ಅಪ್ಪ ಓದಿದ, ಮತ್ತೆ ಓದಿದ, ಫೋನನ್ನು ನನ್ನ ಕೈಗೆ ಕೊಟ್ಟ.

"ನಿಮ್ಮ ಖಾತೆ ಪರಿಶೀಲನೆಯಲ್ಲಿದೆ," ಎಂದು ಓದಿದೆ.

"ಮಿಶಿನ್ ಎಲ್ಲಿ?" ಎಂದ ಅಜ್ಜ ಒಳಗಿನಿಂದ.

"ನಾಳೆ ಬರುತ್ತಪ್ಪ. ಪರಿಶೀಲನೆ ಅಂತೆ. ದೊಡ್ಡ ಐಟಂ ಅಲ್ವಾ."

ನಾಳೆ ಬರಲಿಲ್ಲ. ನಾಳಿದ್ದೂ ಬರಲಿಲ್ಲ. ಶನಿವಾರ ಒಂದು ಸಂದೇಶ ಬಂತು. ಒಂದೇ ವಿಳಾಸಕ್ಕೆ, ಒಂದೇ ಬಗೆಯ ಸಾಮಾನನ್ನು ಹೆಚ್ಚು ಸಂಖ್ಯೆಯಲ್ಲಿ ತರಿಸಿರುವುದರಿಂದ ಮರುಮಾರಾಟದ ಅನುಮಾನ ಬಂದಿದೆ, ಖಾತೆಯನ್ನು ಮುಚ್ಚಲಾಗಿದೆ, ನಾಣ್ಯಗಳನ್ನು ರದ್ದುಮಾಡಲಾಗಿದೆ. ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದಗಳು.

ಅಪ್ಪ ಫೋನ್ ಮಾಡಿದ. ನಲವತ್ತು ನಿಮಿಷ ಸಂಗೀತ ಕೇಳಿದ. ಕೊನೆಗೊಬ್ಬಳು ಸಿಕ್ಕಳು.

"ನಾನು ವಜ್ರ ಸದಸ್ಯ!" ಎಂದು ಕೂಗಿದ ಅಪ್ಪ.

"ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಸರ್."

"ಏನ್ ಅರ್ಥ ಆಗುತ್ತೆ ನಿಮಗೆ? ಆ ಬೂಟಿಗೆ ದುಡ್ಡು ತಗೊಂಡಿರೋ ಇಲ್ವೋ? ತಗೊಳ್ಳೋವಾಗ ಅನುಮಾನ ಬರಲಿಲ್ವಾ? ಹನ್ನೆರಡು ಜೊತೆ ತಗೊಂಡಾಗ ಶಹಬ್ಬಾಸ್ ಅಂತ ವಜ್ರ ಮಾಡಿದ್ರಿ. ಕೊಡೋವಾಗ ನಾನು ಕಳ್ಳನಾ?"

"ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಸರ್. ಬೇರೆ ಏನಾದರೂ ಸಹಾಯ ಬೇಕೇ?"

ಆ ಹುಡುಗಿಯನ್ನು ಬೈಯುವುದಿಲ್ಲ. ಅವಳಿಗೂ ಅಷ್ಟೇ ಸಾಲು ಬರೆದುಕೊಟ್ಟಿರಬೇಕು. ಆದರೆ ಅಪ್ಪ ಕೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹದಿನಾಲ್ಕು ತಿಂಗಳು ಮೂಗಿಗೆ ತುಪ್ಪ ಸವರಿ, ಮಂಚದ ಕೆಳಗೆ ಕಸ ತುಂಬಿಸಿ, ದುಡ್ಡೆಲ್ಲ ಹೀರಿ, ಕೊಡುವ ದಿನ ಬಂದಾಗ ಬಾಗಿಲು ಹಾಕಿಕೊಂಡರು. ನಾನು ಅವರ ನಿಯಮಗಳ ಪುಟ ತೆಗೆದು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ನಲವತ್ತೊಂದು ಪುಟ.

"ನಾಣ್ಯಗಳಿಗೆ ಯಾವುದೇ ಬೆಲೆ ಇರುವುದಿಲ್ಲ," ಎಂದು ಓದಿದೆ. "ಕಾರಣ ಕೊಡದೆ, ಯಾವಾಗ ಬೇಕಾದರೂ, ಕಂಪನಿ ಅವುಗಳನ್ನು ಹಿಂಪಡೆಯಬಹುದು. ಸದಸ್ಯರು ಇದನ್ನು ಓದಿ ಒಪ್ಪಿದ್ದಾರೆ."

"ಓದಿ ಒಪ್ಪಿದ್ದು ಯಾರು?" ಎಂದ ಅಜ್ಜ.

"ನಾನು," ಎಂದೆ. "ಓದಲಿಲ್ಲ. ಒಪ್ಪಿದೆ."

ಅಮ್ಮನಿಗೆ ಸೋಮವಾರದ ಚಿಂತೆ.

ಸೋಮವಾರ ಬೇಕರಿಯ ಬಾಗಿಲಲ್ಲಿ ಅವಳು ಪಟ್ಟಿ ಬಿಚ್ಚಿ ಕೈ ಚಾಚಿದಳು. ಮೇಲ್ವಿಚಾರಕಿ ಬಹಳ ಹೊತ್ತು ನೋಡಿದಳಂತೆ. "ನನ್ನ ಕೈಲಿ ಏನೂ ಇಲ್ಲಕ್ಕ," ಎಂದಳಂತೆ. ಹಿಟ್ಟಿನ ಕೋಣೆಯ ಕೆಲಸ ಇನ್ನಿಲ್ಲ. ಬೇಕಾದರೆ ಹಿಂದುಗಡೆಯ ಶೆಡ್ಡಿನಲ್ಲಿ ಬ್ರೆಡ್ಡಿನ ಕ್ರೇಟುಗಳನ್ನು ವ್ಯಾನಿಗೆ ಏರಿಸುವ ಕೆಲಸವಿದೆ; ಸಂಬಳ ಮುಕ್ಕಾಲು ಪಾಲು. ಅಮ್ಮನ ಜಾಗದಲ್ಲಿ, ಅಮ್ಮನೇ ಕಲಿಸಿದ ಇಪ್ಪತ್ತು ವರ್ಷದ ಹುಡುಗಿ ನಿಂತಳು. ಅಮ್ಮ ಶೆಡ್ಡಿನ ಕೆಲಸ ಒಪ್ಪಿಕೊಂಡು ಬಂದಳು. ಬೇರೆ ದಾರಿ ಇರಲಿಲ್ಲ.

ಸಂಜೆ ಅಪ್ಪ ಇನ್ನೂ ಕಂಪನಿಯನ್ನೇ ಬೈಯುತ್ತಿದ್ದ. "ಕೋರ್ಟಿಗೆ ಎಳೀತೀನಿ ನನ್ ಮಕ್ಕಳನ್ನ. ನನ್ನ ಹದಿನಾಲ್ಕು ತಿಂಗಳ ಶ್ರಮ..."

ಅಮ್ಮ ಕೈಯಲ್ಲಿದ್ದ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು.

"ಯಾರ ಶ್ರಮ?"

"ಅಲ್ಲ ಕಣೇ, ನಾನು ಹೇಳಿದ್ದು..."

"ಬೆರಳಲ್ಲಿ ಫೋನ್ ಒತ್ತೋದು ಶ್ರಮಾನಾ? ಬಚ್ಚಲಲ್ಲಿ ಕೂತವಳು ನಾನು. ರಕ್ತ ಹೋಗಿದ್ದು ನನ್ನದು, ಕೆಲಸ ಹೋಗಿದ್ದು ನನ್ನದು. ಕಂಪನಿ ನಿಮಗೆ ಟೋಪಿ ಹಾಕ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೀರಲ್ಲ, ನೀವು ನನಗೆ ಹಾಕಿದ್ದೇನು?"

"ನಿನಗೋಸ್ಕರ ತಾನೇ ಮಾಡಿದ್ದು?"

"ನನಗೋಸ್ಕರ ಆಗಿದ್ರೆ ಆವತ್ತೇ ತರ್ತಿದ್ರಿ. ದುಡ್ಡು ನಂದೇ ಇತ್ತು. ನೀವು ಜಾಣ ಅನ್ನಿಸ್ಕೋಬೇಕಿತ್ತು, ಅದಕ್ಕೆ ಮಾಡಿದ್ರಿ."

"ಮಗಳ ಮುಂದೆ ಹೀಗೆಲ್ಲ..."

"ಅವಳಿಗೂ ಹೇಳ್ತಿದ್ದೀನಿ." ಅಮ್ಮ ನನ್ನ ಕಡೆ ತಿರುಗಿದಳು. "ಪರೀಕ್ಷೆ ಚೆನ್ನಾಗಿ ಬರೆದ್ಯಲ್ಲ? ಸಂತೋಷ. ಒಂದು ಚಾದರ ಒಗೆದ್ಯಾ, ಈ ಎರಡು ವರ್ಷದಲ್ಲಿ ಒಂದು?"

ಅಪ್ಪನ ಮೇಲೆ ಕುದಿಯುತ್ತಿದ್ದ ಸಿಟ್ಟೆಲ್ಲ ಒಂದೇ ಸಲಕ್ಕೆ ನನ್ನ ಮೇಲೇ ಬಿತ್ತು.

"ನಾನು ಇನ್ನು ಒಗೆಯಲ್ಲ," ಎಂದಳು ಅಮ್ಮ. "ಮಾವಂಗೆ ಊಟ ಕೊಡ್ತೀನಿ, ಮೈ ಒರೆಸ್ತೀನಿ, ನೀರು ಕುಡಿಸ್ತೀನಿ. ಚೆನ್ನಾಗಿ ಕುಡಿಸ್ತೀನಿ. ಚಾದರ ನೀವು ಒಗೀರಿ. ಇವಳಲ್ಲ, ನೀವು. ನಿಮ್ಮಪ್ಪ, ನಿಮ್ಮ ಚಾದರ, ನಿಮ್ಮ ಗ್ರೀಸು."

"ಡಿಪೋದಿಂದ ದಣಿದು ಬಂದು..."

"ನಾನು ನಾಳೆಯಿಂದ ಕ್ರೇಟು ಹೊರ್ತೀನಿ."

ಒಳಗಿನಿಂದ ಅಜ್ಜ ಕೂಗಿ ಹೇಳಿದ: "ತಾಯಿ, ನನಗೊಂದು ದೊಡ್ಡ ಲೋಟ ನೀರು!"

ಮಂಗಳವಾರ ಬೆಳಿಗ್ಗೆ ಅಪ್ಪ ಬಚ್ಚಲಿಗೆ ಹೋದ. ಐದು ನಿಮಿಷಕ್ಕೊಮ್ಮೆ ಅವನ ಪ್ರಶ್ನೆ ಬರುತ್ತಿತ್ತು. "ಸೋಪಿನ ಪುಡಿ ಎಷ್ಟು ಹಾಕೋದು?" "ಈ ಕಲೆ ಹೋಗ್ತಿಲ್ಲ." "ಇದನ್ನ ಒಬ್ಬನೇ ಹಿಂಡೋದು ಹೇಗೆ?" ಅಮ್ಮ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಟ್ಟಳು: "ನಾನು ಹೇಗೆ ಮಾಡ್ತಿದ್ದೆನೋ ಹಾಗೆ." ಅವನು ಡಿಪೋಗೆ ಒಂದು ಗಂಟೆ ತಡವಾಗಿ ಹೋದ. ಸಂಜೆ ಬಂದಾಗ ಇನ್ನೆರಡು ಚಾದರ ಕಾಯುತ್ತಿದ್ದವು. ನಾನು ಹಿಂಡಲು ಹೋದರೆ ಅಮ್ಮ ಕಣ್ಣಿನಲ್ಲೇ ತಡೆದಳು.

ಬುಧವಾರ ಅವನ ಸೊಂಟ ಹಿಡಿದುಕೊಂಡಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಗೆದ. ಅಜ್ಜನಿಗೆ ಅದು ಕಂಡಿತು. "ನೀನು ಮಗು ಆಗಿದ್ದಾಗ ನಿನ್ನ ಬಟ್ಟೆಯಿಂದ ಸುವಾಸನೆ ಬರ್ತಿತ್ತು ಅಂದ್ಕೊಂಡ್ಯಾ?" ಎಂದ. ಅಪ್ಪ ಕರವಸ್ತ್ರ ಬಿಚ್ಚಿ ಕಿಸೆಗೆ ಹಾಕಿಕೊಂಡ.

ಗುರುವಾರ ಸಂಜೆ ಊಟಕ್ಕೆ ಕೂತಾಗ ಅಪ್ಪ ಅಂಗೈ ಅಗಲಿಸಿ ನೋಡಿಕೊಂಡ. ಬೆರಳ ಬುಡದಲ್ಲಿ ಚರ್ಮ ಕೆಂಪಾಗಿ, ಒಂದು ಕಡೆ ಸೀಳಿತ್ತು. ಉಪ್ಪಿನಕಾಯಿಯ ಕಡೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಉರಿಯುತ್ತೆ," ಎಂದ, ಯಾರಿಗೂ ಅಲ್ಲದ ಹಾಗೆ.

ಅಮ್ಮ ಅನ್ನ ಬಡಿಸಿದಳು.

ಶುಕ್ರವಾರ ಮಧ್ಯಾಹ್ನ ಮೆಟ್ಟಿಲಲ್ಲಿ ಗದ್ದಲ ಕೇಳಿ ಬಾಗಿಲು ತೆರೆದೆ. ಅಪ್ಪ ಮತ್ತು ಡಿಪೋದ ಇಬ್ಬರು ಬಟ್ಟೆ ಒಗೆಯುವ ಮಿಶಿನ್ನೊಂದನ್ನು ಏದುಸಿರು ಬಿಡುತ್ತ ಮೂರನೆಯ ಮಹಡಿಗೆ ಹೊತ್ತು ತರುತ್ತಿದ್ದರು. ಹೊಸದೇ. ದೊಡ್ಡ ರಸ್ತೆಯ ಅಂಗಡಿಯದು. ಅರ್ಧ ದಿನ ರಜೆ ಹಾಕಿ ತಂದಿದ್ದನಂತೆ. ಬಚ್ಚಲಿನ ಮೂಲೆಗೆ ತಳ್ಳಿ, ನಲ್ಲಿಗೆ ಪೈಪು ಜೋಡಿಸಿ, ಚಾದರ ತುಂಬಿ, ಗುಂಡಿ ಒತ್ತಿದ. ಅದು ಮೆಲ್ಲಗೆ ತಿರುಗತೊಡಗಿತು. ಡಿಪೋದವರಿಗೆ ನೀರು ಕೊಟ್ಟು ಕಳಿಸಿದೆ.

ಅಮ್ಮ ಐದು ಗಂಟೆಗೆ ಬಂದಳು. ಕ್ರೇಟು ಹೊತ್ತು ಹೊತ್ತು ಭುಜ ಒಂದು ಕಡೆ ವಾಲಿತ್ತು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ.

"ಹೇಗಿದೆ? ಸದ್ದೇ ಇಲ್ಲ ನೋಡು."

"ದುಡ್ಡು ಎಲ್ಲಿತ್ತು?"

"ಡಿಪೋದಲ್ಲಿ ಮುಂಗಡ ಕೇಳ್ದೆ. ತಿಂಗಳು ತಿಂಗಳು ಸಂಬಳದಲ್ಲಿ ಹಿಡ್ಕೋತಾರೆ."

"ಕೊಟ್ರಾ?"

"ಕೇಳಿದ ತಕ್ಷಣ ಕೊಟ್ರು. ಒಂದು ಅರ್ಜಿ ಬರೆದೆ, ಅಷ್ಟೇ."

"ಒಂದು ಅರ್ಜಿ," ಎಂದಳು ಅಮ್ಮ.

ಅಪ್ಪನ ನಗು ಅಲ್ಲೇ ನಿಂತಿತು. ತಾನು ಏನು ಹೇಳಿದೆನೆಂದು ಅವನಿಗೆ ಆಗ ಹೊಳೆದಿರಬೇಕು. ಸೀಳಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಎಷ್ಟು ದಿನ ಒಗೆದ್ರಿ ನೀವು?"

ಉತ್ತರ ಒಳಗಿನಿಂದ ಅಜ್ಜ ಕೊಟ್ಟ. "ಮೂರು."

"ನನ್ನ ಕೈ ಹದಿನಾಲ್ಕು ತಿಂಗಳು ದಿನಾ ನಿಮಗೆ ಊಟ ಬಡಿಸ್ತು," ಎಂದಳು ಅಮ್ಮ. "ನಿಮ್ಮ ತಟ್ಟೆ ಮುಂದೇನೇ ಇತ್ತು."

ಅವಳು ಮಿಶಿನ್ನನ್ನು ಮುಟ್ಟಲಿಲ್ಲ. ನಡುಕೋಣೆಗೆ ಹೋಗಿ, ಅಜ್ಜನ ತಲೆ ಎತ್ತಿ, ನೀರು ಕುಡಿಸಲು ಕೂತಳು.